ಹುತ್ತಕ್ಕೆ ಕೈಮುಗಿದು ಮನೆ ಕೊಳ್ಳುವುದು

ತೆಂಗಿನಕಾಯಿ ಕೊಳ್ಳುವಾಗ ನಾವು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇವೆ, ಬೆರಳಿನಿಂದ ತಟ್ಟುತ್ತೇವೆ, ಮಾರುವವಳು ಗೊಣಗಿದರೂ ಬಿಡದೆ ಇನ್ನೊಂದನ್ನು ಎತ್ತಿಕೊಳ್ಳುತ್ತೇವೆ. ಇದೇ ನಾವು ಮನೆ ಕೊಳ್ಳಲು ಹೊರಟಾಗ ಮಾತ್ರ ಕೈಕಟ್ಟಿ ನಿಲ್ಲುತ್ತೇವಲ್ಲ, ಗೆಳೆಯರೇ, ಆ ಮರ್ಯಾದೆಯ ಮೇಲೆ ನನಗೆ ಸಿಟ್ಟಿದೆ.

ನನ್ನ ತಂಗಿ ಸುಜಾತ ಅಲ್ಲಾಳಸಂದ್ರದಲ್ಲಿ ಒಂದು ಹಳೆಯ ಮನೆ ಮೆಚ್ಚಿದ್ದಳು. ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿ ಕಳೆದವಳಿಗೆ ಅದು ಮೊದಲ ಸ್ವಂತ ಮನೆ, ಬಹುಶಃ ಕೊನೆಯದೂ. ವಕೀಲರು ಕಾಗದಪತ್ರ ಓದಿದರು. ವಾಸ್ತು ಪಂಡಿತರು ದಿಕ್ಕು ನೋಡಿ, ಕಾಂಪೌಂಡಿನ ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿದ್ದ ಹುತ್ತಕ್ಕೆ ಕೈಮುಗಿದು, ನಾಗಪ್ಪನೇ ಕಾಯುವ ಜಾಗ ಎಂದರು. ನಾವೂ ಕೈಮುಗಿದೆವು. ಹುತ್ತ ಕಟ್ಟುವುದು ನಾಗಪ್ಪನಲ್ಲ, ಗೆದ್ದಲು ಎಂಬ ಶಾಲೆಯ ಪಾಠ ಒಬ್ಬರಿಗೂ ನೆನಪಾಗಲಿಲ್ಲ; ಖಚಿತವಾಗದ ಒಂದು ಸಾಲನ್ನೂ ಅಚ್ಚಿಗೆ ಬಿಡದೆ ಸುದ್ದಿಮನೆಯಲ್ಲಿ ಆಯುಷ್ಯ ಸವೆಸಿದ ನನಗೂ.

ಕರಾರಿಗೆ ಎರಡು ದಿನ ಮೊದಲು, ಸುಜಾತಳ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ, ಗಂಗಾನಗರದ ಕಟ್ಟಡ ಪರೀಕ್ಷಕಿಯೊಬ್ಬರನ್ನು ಕರೆಸಿದೆವು. ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಅವರು ಒಳಗೆ ಬಂದದ್ದೇ ತಡ, ಮಾಲೀಕರ ಮುಖ ಕೆಂಪಾಯಿತು.

“ಹೆಣ್ಣು ನೋಡಕ್ ಬಂದು ಹಲ್ಲು ಎಣಿಸ್ತೀರೇನ್ರೀ? ನಮ್ ತಾತನ ಕಾಲದಿಂದ ಇದೇ ಊರಲ್ಲಿರೋರು ನಾವು!”

ಬ್ರೋಕರ್ ನನ್ನ ಕಡೆ ತಿರುಗಿದ. “ಸಾರ್, ಮನೆ ತಗೊಳಕ್ ಬಂದ್ರೋ, ಪೋಸ್ಟ್‌ಮಾರ್ಟಂ ಮಾಡಕ್ ಬಂದ್ರೋ? ದೊಡ್ಡೋರ್ಗೆ ಬೇಜಾರಾಗುತ್ತೆ ಕಣ್ರೀ.”

ನನಗೆ ನಾಚಿಕೆಯಾಯಿತು. “ಸಾಕು ಬಿಡಿ ಮೇಡಂ” ಎನ್ನಲು ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಪರೀಕ್ಷಕಿ ಹೊಸ ಬಣ್ಣದಲ್ಲಿ ಮಿರುಗುತ್ತಿದ್ದ ದೇವರಕೋಣೆಯ ಚೌಕಟ್ಟನ್ನು ತಟ್ಟಿದರು. ಪೊಳ್ಳು ಸದ್ದು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿದುಹೋಯಿತು. ಬಣ್ಣದ ಸಿಪ್ಪೆಯ ಹಿಂದೆ ಮರವೇ ಇರಲಿಲ್ಲ. ಮಣ್ಣಿತ್ತು, ಬಿಳಿ ಹುಳುಗಳು ಹರಿದಾಡುತ್ತಿದ್ದವು. ಅಟ್ಟದ ತೊಲೆಗಳ ಕಥೆಯೂ ಅದೇ.

“ಇದು ನಿಮ್ಗೆ ಗೊತ್ತಿತ್ತಾ?” ಸುಜಾತ ಕೇಳಿದಳು.

“ಹಳೇ ಮನೆ ಅಂದ್ಮೇಲೆ ಇರಲ್ವಾ? ನೀವ್ ಕೇಳ್ಲಿಲ್ಲ, ನಾವ್ ಹೇಳ್ಲಿಲ್ಲ,” ಎಂದರು ಮಾಲೀಕರು, ತಣ್ಣಗೆ.

ಸುಳ್ಳು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಗೊತ್ತಿದ್ದೂ ಬಣ್ಣ ಬಳಿದವರಿಗೆ ಇಲ್ಲದ ಸಂಕೋಚ, ತಟ್ಟಿ ನೋಡುವ ನಮಗೇಕೆ? ಕೇಳುವುದನ್ನೇ ಅವಮಾನವೆಂದು ನಮಗೆ ಕಲಿಸಿದವರು ಯಾರು, ಆ ಪಾಠದಿಂದ ಯಾರ ಮನೆ ಮಾರಾಟವಾಗುತ್ತಿದೆ?

ಸುಜಾತ ಚಪ್ಪಲಿ ಮೆಟ್ಟಿದಳು.

“ಮೇಡಂ, ಶುಕ್ರವಾರದ ಮುಹೂರ್ತ?” ಎಂದ ಬ್ರೋಕರ್.

“ಆ ಹುಳಗಳ ಹೆಸ್ರಿಗೇ ರಿಜಿಸ್ಟರ್ ಮಾಡ್ಸಪ್ಪ. ಎಷ್ಟು ವರ್ಷದಿಂದ ಸಂಸಾರ ಮಾಡ್ತಿವೆ, ಪಾಪ.”

ಆಟೋದಲ್ಲಿ ಕೂತ ಮೇಲೆ, ಅಲ್ಲಾಳಸಂದ್ರದ ಕೆರೆ ದಾಟುವವರೆಗೂ ಅತ್ತಳು. ನಾನು ಸಮಾಧಾನ ಹೇಳಲಿಲ್ಲ. ಸಹಿ ಹಾಕುವ ಮೊದಲು ಎಷ್ಟು ಬೇಕಾದರೂ ಅಳಬಹುದು.