ಮಾದೇವಿಯ ಬುಟ್ಟಿಯತ್ತ ಹೊರಟ ಕಾರು

ಸ್ನೇಹಿತರೇ, ಇಂದು ಕುಮಟೆಯ ಮೀನುಪೇಟೆಯ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಇಳಿದಿದ್ದೆ. ನನ್ನ ಹಳೆಯ ಕಾರು ತಾನಾಗಿಯೇ ಹೊರಟಿತು! ಕೆಳಗೆ ಮೀನು ಮಾರುತ್ತಿದ್ದ ಮಾದೇವಿ ತಾನು ಕೂತಿದ್ದ ಮಣೆಯನ್ನೇ ಚಕ್ರದಡಿ ತುರುಕಿ ನಿಲ್ಲಿಸಿದಳು.

“ಎಂತ ಟೀಚರೇ, ನೀವು ಮೀನು ತಿನ್ನುದಿಲ್ಲ, ಕಾರಿಗೆ ಬೇಕಾತಾ?”

ಪಕ್ಕದ ಗ್ಯಾರೇಜಿನ ಗಣಪು ಬಂದು ಲಿವರ್ ಎಳೆದು ನೋಡಿದ. “ಹನ್ನೊಂದು ಸಲ ಕಟಕಟ ಅಂತು. ಐದಾರಕ್ಕೇ ಬ್ರೇಕ್ ಹಿಡೀಬೇಕು. ಕೇಬಲ್ ಸಡ್ಲ ಆಗೋಗಿದೆ.”

ವಯಸ್ಸಾದದ್ದು ನನ್ನ ತೋಳಿಗೆ ಎಂದುಕೊಂಡು ತಿಂಗಳುಗಟ್ಟಲೆ ಎರಡೂ ಕೈಯಲ್ಲಿ ಎಳೆಯುತ್ತಿದ್ದೆನಲ್ಲ! ಅವನು ಕೇಬಲ್ಲಿನ ನಟ್ಟು ಬಿಗಿದು, ಬ್ರೇಕ್ ಬಿಟ್ಟಾಗ ಹಿಂದಿನ ಚಕ್ರ ಉಜ್ಜದೆ ತಿರುಗುವುದನ್ನು ನೋಡಿ, ಅದೇ ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಿದ. ಕಾರು ಅಲುಗಲಿಲ್ಲ.

ಉಪಕಾರವಾಯಿತೆಂದು ಹೇಳಲು ಹೋದರೆ ಮಾದೇವಿ, “ಅದೆಲ್ಲ ಬೇಡ. ಕಾರು ನನ್ ಬುಟ್ಟಿ ಹತ್ರವೇ ನಿಲ್ಸಿ, ನೆರಳಾತದೆ” ಎಂದಳು.

ಆ ನಂಬಿಕೆಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೂ ಬುಟ್ಟಿಯ ಪಕ್ಕ ಕಾರು ನಿಲ್ಲಿಸಿ, ಬ್ರೇಕಿನ ಜತೆಗೆ ಗೇರನ್ನೂ ಹಾಕಿಯೇ ಇಳಿದೆ.