ಗೋಡೆಯ ಮೇಲಿನ ಅಜ್ಜಿಗೊಬ್ಬ ಗಂಡ ಬೇಕಂತೆ!

ಮನೆಯ ಮದುವೆಗೆ ಒಂದೇ ದಿನ ಉಳಿದಿರುವಾಗ ನಮ್ಮ ದೊಡ್ಡಪ್ಪ ಒಬ್ಬ ಅಜ್ಜಿಗೆ ಗಂಡನನ್ನು ಹುಡುಕಲು ಹೊರಟರು.

ಅಜ್ಜಿ ಇದ್ದದ್ದು ಗೋಡೆಯ ಮೇಲೆ.

ನಿಮಗೆ ನಗು ಬರಬಹುದು. ಅಲ್ಲಿ ನಿಂತಿದ್ದ ನಮಗೆ ಬರಲಿಲ್ಲ.

ಮದುವೆ ನಮ್ಮ ಚಿಕ್ಕಮ್ಮನ ಮಗಳು ಶ್ರುತಿಯದು. ಜಾಗ ಕೊಪ್ಪದ ಒಂದು ಸಮುದಾಯ ಭವನ. ಚಿಕ್ಕಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಮಗಳ ಓದು, ಮನೆ, ಈಗ ಈ ಮದುವೆ, ಎಲ್ಲವನ್ನೂ ಹೊತ್ತದ್ದು ಚಿಕ್ಕಮ್ಮ ಒಬ್ಬರೇ. (ಆಮಂತ್ರಣ ಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಅಂತ ಮೊದಲು ಅಚ್ಚಾದ ಹೆಸರು ಮಾತ್ರ ದೊಡ್ಡಪ್ಪನದು. ಅದಿರಲಿ.)

ಭವನದವರು ಈ ವರ್ಷ ವೇದಿಕೆಯ ಹಿಂದಿನ ಗೋಡೆಗೆ ಚಿತ್ರ ಬರೆಸಿದ್ದಾರೆ. ಪ್ರತಿ ಮದುವೆಗೂ ಥರ್ಮೋಕೋಲ್ ಕಮಾನು ಕಟ್ಟುವ ರಗಳೆ ತಪ್ಪಲಿ, ಒಂದೇ ಸಲ ಚೆಂದ ಮಾಡಿಸಿಬಿಡುವ ಎಂದು. ವಿಷಯ: ‘ಮನುಷ್ಯ ಜೀವನದ ಹಂತಗಳು’. ಸಮಿತಿಯಲ್ಲಿ ಈ ವಿಷಯವನ್ನು ಸೂಚಿಸಿದವರು ಯಾರು ಗೊತ್ತೇ? ನಮ್ಮ ದೊಡ್ಡಪ್ಪನೇ.

ಬರೆದವಳು ಶೃಂಗೇರಿ ಕಡೆಯ ಡ್ರಾಯಿಂಗ್ ಟೀಚರ್ ಪ್ರತಿಮಾ. ಇಡೀ ಗೋಡೆಗೆ ಒಬ್ಬಳೇ ಹೆಣ್ಣು. ತೊಟ್ಟಿಲಲ್ಲಿ ಮಲಗಿ ಕಾಲು ಬಡಿಯುತ್ತಾಳೆ. ಸ್ಲೇಟು ಹಿಡಿದು ಅಳುತ್ತಾಳೆ. ಸೈಕಲ್ಲಿನಲ್ಲಿ ಇಳಿಜಾರು ಇಳಿಯುತ್ತಾಳೆ, ಜಡೆ ಹಿಂದೆ ಹಾರುತ್ತದೆ. ಬಾಸಿಂಗ ಕಟ್ಟಿಕೊಂಡು ಗಂಡನ ಪಕ್ಕ ನಿಲ್ಲುತ್ತಾಳೆ. ಸೊಂಟದಲ್ಲಿ ಮಗು, ಕೈಯಲ್ಲಿ ಸೌಟು. ಕೊನೆಯ ಚಿತ್ರದಲ್ಲಿ ಕೂದಲು ಬೆಳ್ಳಗಾಗಿದೆ. ಕುರ್ಚಿಯಲ್ಲಿ ಒಬ್ಬಳೇ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಪೇಪರ್ ಓದುತ್ತಾ ಏನಕ್ಕೋ ನಗುತ್ತಿದ್ದಾಳೆ. ಪಕ್ಕದಲ್ಲಿ ಗಂಡನಿಲ್ಲ. ಹಣೆಯಲ್ಲಿ ಕುಂಕುಮವಿಲ್ಲ.

ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದ ಆ ಹಣೆ, ಮದುವೆಯ ಹಿಂದಿನ ದಿನ ಮಧ್ಯಾಹ್ನ ದೊಡ್ಡಪ್ಪನ ಕಣ್ಣಿಗೆ ಬಿತ್ತು. ಕೂಡಲೇ ಪ್ರತಿಮಾಗೆ ಫೋನು. ಅವಳು ಬಣ್ಣದ ಡಬ್ಬಿ ಹಿಡಿದು ಬಸ್ಸಿಳಿದು ಬಂದಳು.

“ಎಂಥ ಇದು? ಮುದುಕಿ ಒಬ್ಳೇ ಕೂತಿದಾಳೆ. ಗಂಡ ಎಲ್ಲಿ?”

“ತೀರಿಕೊಂಡಿದಾರೆ ಸರ್.”

“ಯಾರು ಹೇಳಿದ್ದು?”

“ನಾನೇ ಸರ್. ಚಿತ್ರ ನಂದಲ್ವಾ.”

“ಹಂಗಾದ್ರೆ ನೀನೇ ಬದುಕಿಸು ಮಾರಾಯ್ತಿ! ಪಕ್ಕದಲ್ಲಿ ಜಾಗ ಉಂಟಲ್ಲ? ಒಂದು ಪಂಚೆ, ಒಂದು ಮೀಸೆ. ಇವಳ ಹಣೆಗೊಂದು ಬೊಟ್ಟು. ಅರ್ಧ ಗಂಟೆ ಕೆಲಸ.”

ದೊಡ್ಡಮ್ಮ ಹಿಂದಿನಿಂದ ದನಿ ಸೇರಿಸಿದರು. “ಧಾರೆ ಹೊತ್ತಿಗೆ ಹುಡುಗಿ ತಲೆ ಸರೀ ಇವಳ ಕೆಳಗೇ ಬರ್ತದೆ. ಫೋಟೋದಲ್ಲಿ ಎದ್ದು ಕಾಣ್ತದೆ. ಶುಭ ಕಾರ್ಯದಲ್ಲಿ ಅಂಥೋರ ಮುಖ ಎಂಥಕ್ಕೆ?”

ಅಂಥೋರು.

ವೇದಿಕೆಯ ಕೆಳಗೆ ಚಾಪೆ ಹಾಸಿ ತಾಂಬೂಲಕ್ಕೆ ವೀಳ್ಯದೆಲೆ ಜೋಡಿಸುತ್ತಿದ್ದವರು ನಮ್ಮ ಚಿಕ್ಕಮ್ಮ. ಎಲೆ ಹಿಡಿದ ಕೈ ಅಲ್ಲೇ ನಿಂತಿತು. ದೊಡ್ಡಮ್ಮನಿಗೆ ತಾನು ಏನು ಹೇಳಿದೆ ಎಂದು ಹೊಳೆಯುವಷ್ಟರಲ್ಲಿ ಮಾತು ಹಾಲ್ ತುಂಬಾ ಹರಡಿಯಾಗಿತ್ತು. ಇಂಥ ಮಾತನ್ನು ವಾಪಸ್ ತೆಗೆದುಕೊಳ್ಳಲು ಯಾವ ಭಾಷೆಯಲ್ಲಾದರೂ ದಾರಿ ಇದೆಯೇ?

ನಾನು ಸುಮ್ಮನಿರಬಹುದಿತ್ತು. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಎದುರು ಪಕ್ಷ ಕಂಡರೆ ನಾಲಿಗೆ ತಾನಾಗಿ ಎದ್ದು ನಿಲ್ಲುತ್ತದೆ.

“ದೊಡ್ಡಪ್ಪ, ಹೋದ ತಿಂಗಳು ಇದೇ ಹಾಲ್‌ನಲ್ಲಿ ವೈಕುಂಠ ಸಮಾರಾಧನೆ ಊಟ ಆಯ್ತು. ಸಾವಿನ ಮನೆಯವರು ‘ಗೋಡೆ ಮೇಲೆ ಮದುಮಗಳು ಎಂಥಕ್ಕೆ’ ಅಂತ ಕೇಳಿದ್ರಾ?”

“ಅದು ಬೇರೆ, ಇದು ಬೇರೆ.”

“ಸರಿ. ಅಲ್ಲಿ ಅಜ್ಜಿ ಬದಲು ಅಜ್ಜ ಒಬ್ರೇ ಕೂತು ಪೇಪರ್ ಓದ್ತಿದ್ರೆ, ಅವರಿಗೆ ಹೆಂಡತಿ ಬರೀರಿ ಅಂತಿದ್ರಾ?”

ಎಲ್ಲಿ ಅನ್ನುತ್ತಿದ್ದರು? ‘ಹಿರಿಯರು’ ಎಂದು ಕೈ ಮುಗಿಯುತ್ತಿದ್ದರು.

“ಗಂಡ ಹೆಂಡತಿ ಇಬ್ರೂ ಒಂದೇ ದಿನ ಹೋಗೋದು ಎಲ್ಲೋ ಅಪರೂಪ. ಅಂದ್ರೆ ಇಲ್ಲಿ ಧಾರೆ ಎರೆಸಿಕೊಳ್ಳೋ ಜೋಡೀಲಿ ಒಬ್ಬರಿಗೆ ಈ ಕೊನೇ ಚಿತ್ರ...”

“ಬಾಯಿ ಮುಚ್ಚೇ! ಮದುವೆ ಮನೇಲಿ ಆಡೋ ಮಾತಾ ಇದು?” ದೊಡ್ಡಪ್ಪನ ಮುಖ ಕೆಂಪಾಗಿತ್ತು.

ಬಾಯಿ ಮುಚ್ಚಿದೆ. ವಾದ ಮಾತ್ರ ತಲೆಯೊಳಗೆ ನಡೆದೇ ಇತ್ತು. ಕ್ಯಾಲೆಂಡರಿನಿಂದ ಹಿಡಿದು ಶಾಲೆಯ ಗೋಡೆಯವರೆಗೆ ಜೀವನದ ಹಂತ ಎಂದು ನಾವು ಬರೆಯಿಸುವ ಚಿತ್ರಗಳನ್ನು ಗಮನಿಸಿ. ಮಗು, ಬಾಲಕಿ, ಮದುವೆ, ಮಕ್ಕಳು. ಆಮೇಲೆ ಬೆಳ್ಳಿ ಕೂದಲಿನ ದಂಪತಿ, ಮೊಮ್ಮಕ್ಕಳು. ಮುಗಿಯಿತು. ಒಬ್ಬರು ಹೋದಮೇಲೆ ಇನ್ನೊಬ್ಬರು ಬದುಕುವ ಆ ಉದ್ದನೆಯ ವರ್ಷಗಳು ಎಲ್ಲಿ? ನಮ್ಮ ತಾಲ್ಲೂಕಿನ ನಾರ್ವೆ ಊರಿನಿಂದ ಭಂಡಿಗಡಿಯವರೆಗೆ ಯಾವ ಕೇರಿಗೆ ಹೋದರೂ ಅಂಥ ವರ್ಷಗಳನ್ನು ಬದುಕುತ್ತಿರುವ ಹೆಂಗಸರು ಸಿಗುತ್ತಾರೆ. ಏಳುತ್ತಾರೆ, ತಿನ್ನುತ್ತಾರೆ, ದುಡಿಯುತ್ತಾರೆ, ಫೋನಿನಲ್ಲಿ ಧಾರಾವಾಹಿ ನೋಡಿ ಬಯ್ಯುತ್ತಾರೆ. ಅದು ಜೀವನದ ಹಂತ ಅಲ್ಲವಾದರೆ ಮತ್ತೇನು? ಶಿಕ್ಷೆಯೇ?

ಪ್ರತಿಮಾ ಅಷ್ಟರಲ್ಲಿ ಏಣಿ ಹತ್ತಿದ್ದಳು. ಬ್ರಷ್ಷಿನ ತುದಿಯಲ್ಲಿ ಕೆಂಪು ಬಣ್ಣ. ಅವಳು ದೊಡ್ಡಪ್ಪನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

“ಅಮ್ಮಾ,” ಎಂದು ಚಾಪೆಯ ಕಡೆ ಕರೆದಳು. “ಮದುವೆ ನಿಮ್ಮನೇದು. ನೀವೇ ಹೇಳಿ. ಹಚ್ಚಲಾ?”

ಚಿಕ್ಕಮ್ಮ ಕೈಯಲ್ಲಿದ್ದ ಎಲೆಯನ್ನು ಕಟ್ಟಿಗೆ ಸೇರಿಸಿ ಎದ್ದರು. ಗೋಡೆಯ ಹತ್ತಿರ ಹೋಗಿ ನೋಡಿದರು.

“ಬೇಡ. ಆರಾಮಾಗಿ ಪೇಪರ್ ಓದ್ತಾ ಇದಾಳೆ. ಓದ್ಲಿ ಬಿಡು.”

ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

“ಭಾವ, ಅವಳು ಅಲ್ಲೇ ಇರ್ತಾಳೆ. ನಾಳೆ ಧಾರೆ ಹೊತ್ತಿಗೆ ನಾನು ಎಲ್ಲಿರ್ಬೇಕು?”

ನೋಡಿ, ಇಷ್ಟು ಹೊತ್ತು ನಾವೆಲ್ಲ ಚಿತ್ರದ ಬಗ್ಗೆ ಜಗಳವಾಡುತ್ತಿದ್ದೆವು. ನಿಜವಾದ ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ! ನಮ್ಮ ಕಡೆ ಮದುವೆಗಳಲ್ಲಿ ಹೆಣ್ಣಿನ ತಂದೆ ತಾಯಿ ಮೊದಲು ಧಾರೆ ಎರೆಯುತ್ತಾರೆ. ತಂದೆ ಇಲ್ಲದಿದ್ದರೆ? ಆ ಜಾಗದಲ್ಲಿ ದೊಡ್ಡಪ್ಪ ದೊಡ್ಡಮ್ಮ ಕೂರುತ್ತಾರೆ. ಬದುಕಿರುವ ತಾಯಿ ಎಲ್ಲಿರುತ್ತಾಳೆ? ಅಡುಗೆಯ ಕಡೆ. ‘ಪಾಪ, ಅವಳಿಗೆ ಕೆಲಸ ಜಾಸ್ತಿ’ ಎಂದು ನಾವೇ ಕಾರಣವನ್ನೂ ಕೊಡುತ್ತೇವೆ.

“ನಾಳೆ ನೋಡುವ,” ಎಂದರು ದೊಡ್ಡಪ್ಪ. ಮುಖ ಬೇರೆ ಕಡೆಗಿತ್ತು.

ಆ ಸಂಜೆ ಶ್ರುತಿ ಮೆಹಂದಿಯ ಕೈಗಳನ್ನು ಮೇಲೆತ್ತಿಕೊಂಡು ಕೂತು, “ಅಕ್ಕಾ, ಅಮ್ಮ ಸ್ಟೇಜ್ ಮೇಲೆ ಬರ್ತಾರಲ್ವಾ?” ಎಂದು ಕೇಳಿದಳು. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ನಾನು ಮೆಹಂದಿಯ ಬಣ್ಣ ಹೊಗಳಿ ಮಾತು ತಿರುಗಿಸಿದೆ.

ಮರುದಿನ ಮುಹೂರ್ತ. ಹಾಲ್ ತುಂಬಿತ್ತು. ವಧೂವರರು ಕೈ ಸೇರಿಸಿ ತೆಂಗಿನಕಾಯಿ ಹಿಡಿದು ನಿಂತಿದ್ದರು. ದೊಡ್ಡಪ್ಪ ದೊಡ್ಡಮ್ಮ ಪಕ್ಕದಲ್ಲಿ ಸಿದ್ಧ. ಮೈಕಿನಲ್ಲಿ ಯಾರೋ ಉತ್ಸಾಹದಿಂದ ಕೂಗುತ್ತಿದ್ದರು: “ಧಾರೆ ಎರೆಯುವವರು ದಂಪತಿ ಸಮೇತ ಬನ್ನಿ, ಜೋಡಿಯಾಗಿ ಬನ್ನಿ!”

ಧಾರೆಯ ಗಿಂಡಿಗೆ ಹಾಲು ತುಂಬಿಸಿ ತರಲು ಒಳಗೆ ಹೇಳಿ ಕಳಿಸಿದರು. ತಂದವರು ಚಿಕ್ಕಮ್ಮ. ಮೆಟ್ಟಿಲ ಬಳಿ ಯಾರೋ ಈಸಿಕೊಳ್ಳಲು ಕೈ ಚಾಚಿದರು. ಅವರು ಕೊಡಲಿಲ್ಲ. ವೇದಿಕೆ ಹತ್ತಿದರು.

ದೊಡ್ಡಪ್ಪ ಕೈ ಚಾಚಿದರು. ಆಗಲೂ ಕೊಡಲಿಲ್ಲ.

ವಾಲಗದವರು ಊದುತ್ತಲೇ ಇದ್ದರು.

“ನೀವೂ ಕೈ ಹಿಡೀರಿ ಭಾವ,” ಎಂದರು ಚಿಕ್ಕಮ್ಮ. “ಬೇಡ ಅನ್ನಲ್ಲ. ಆದ್ರೆ ಹೊಯ್ಯೋದು ನಾನು.”

ದೊಡ್ಡಪ್ಪ ಪುರೋಹಿತರ ಮುಖ ನೋಡಿದರು. ಪುರೋಹಿತರು ಗಡಿಯಾರ ನೋಡಿದರು. “ಮುಹೂರ್ತ ಮೀರ್ತಾ ಉಂಟು ಮಾರಾಯ್ರೆ. ತಾಯಿ ಅಲ್ವಾ, ಹೊಯ್ಯಲಿ.”

ಮೊದಲು ಅಲುಗಾಡಿದವರು ದೊಡ್ಡಮ್ಮ. ಹಿಂದಿನ ದಿನ ‘ಅಂಥೋರು’ ಎಂದವರೇ. ಗಂಡನ ಮೊಣಕೈ ಹಿಡಿದು ಆ ಕಡೆ ಸರಿಸಿ, “ಬಾರೇ ಇಲ್ಲಿ, ಹೊತ್ತಾಯ್ತು,” ಎಂದು ಚಿಕ್ಕಮ್ಮನಿಗೆ ಜಾಗ ಬಿಟ್ಟರು. ಹಾಲು ತೆಂಗಿನಕಾಯಿಯ ಮೇಲೆ ಬಿತ್ತು. ಶ್ರುತಿ ಮೇಕಪ್ ಹಾಳಾಗುವಂತೆ ಅತ್ತಳು. ಮೈಕಿನವನು ‘ಅಕ್ಷತೆ ಹಾಕಿ’ ಎಂದು ಕೂಗಿದ. ಜನ ಅಕ್ಷತೆ ಹಾಕಿದರು, ಪಂಕ್ತಿಗೆ ಹೋಗಿ ಹೋಳಿಗೆ ಉಂಡರು. ಆಕಾಶ ಅಲ್ಲೇ ಇತ್ತು, ಕಳಚಿ ಬೀಳಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಎಷ್ಟು ಚೆಂದ! ಅಂಕಣಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಬೇಕೇ?

ಕಳೆದ ವಾರ ನರಸಿಂಹರಾಜಪುರದ ಫೋಟೋಗ್ರಾಫರ್ ಆಲ್ಬಂನ ಚಿತ್ರಗಳನ್ನು ಪ್ರಿಂಟಿಗೆ ಮೊದಲು ನೋಡಲೆಂದು ವಾಟ್ಸ್ಆ್ಯಪ್‌ಗೆ ಕಳಿಸಿದ. ಚಿಕ್ಕಮ್ಮ ಧಾರೆಯ ಫೋಟೋ ತೆರೆದು, ಎರಡು ಬೆರಳಲ್ಲಿ ದೊಡ್ಡದು ಮಾಡಿದರು. ಆಮೇಲೆ ಫೋನನ್ನು ನನ್ನ ಕೈಗಿಟ್ಟರು.

“ಇದು ನಾನಾ, ನೋಡು.”

ಗಿಂಡಿ ಹಿಡಿದ ಚಿಕ್ಕಮ್ಮ. ಹಣೆಯ ನಟ್ಟನಡುವೆ ದುಂಡನೆಯ ಕೆಂಪು ಕುಂಕುಮ. ಕಂಪ್ಯೂಟರಿನಲ್ಲಿ ಇಟ್ಟದ್ದು, ಒಂದಿಷ್ಟೂ ಕದಡದಂತೆ.

ಸಿಟ್ಟಿನಲ್ಲಿ ಫೋಟೋಗ್ರಾಫರ್‌ಗೆ ಫೋನ್ ಹಚ್ಚಿದೆ. ದೊಡ್ಡಪ್ಪನದೇ ಕೆಲಸ ಎಂದು ನನ್ನ ತೀರ್ಪು ಆಗಲೇ ಸಿದ್ಧವಾಗಿತ್ತು.

“ಯಾರು ಹೇಳಿ ಮಾಡಿಸಿದ್ದು ಇದನ್ನ?”

“ಯಾರೂ ಹೇಳಿಲ್ಲ ಮೇಡಂ,” ಎಂದ ಪಾಪ, ಗಾಬರಿಯಲ್ಲಿ. “ಹುಡುಗಿ ತಾಯಿ ಅಲ್ವಾ? ಧಾರೆ ಎರೀತಿದಾರೆ, ಹಣೆ ಖಾಲಿ. ಬೆವರಿಗೆ ಅಳಿಸಿ ಹೋಗಿರ್ಬೇಕು ಅಂತ ನಾವೇ ಸರಿ ಮಾಡಿದ್ವಿ. ಅದಕ್ಕೆ ಚಾರ್ಜ್ ಇಲ್ಲ.”

ಚಿಕ್ಕಮ್ಮ ಫೋನ್ ಕಿತ್ತುಕೊಂಡರು. “ತೆಗೀರಿ ಅದನ್ನ. ನನ್ನ ಹಣೆ ಹೆಂಗಿತ್ತೋ ಹಂಗೇ ಇರ್ಲಿ.”

“ತೆಗೀತೀನಿ ಅಮ್ಮ,” ಎಂದ. “ಚೆಂದ ಕಾಣಲ್ಲ, ನೋಡಿ,” ಎಂದೂ ಸೇರಿಸಿದ.

ಆ ಹುಡುಗನಿಗೆ ನಿಜವಾಗಿಯೂ ಯಾರೂ ಏನೂ ಹೇಳಿರಲಿಲ್ಲ. ಖಾಲಿ ಹಣೆ ಚೆಂದವಲ್ಲ ಎಂದು ಯಾರಾದರೂ ಹೇಳಿಕೊಡಬೇಕೇ?