ಕನ್ನಡಿ ಇಳಿಸಿದ ಕತ್ತರಿಯಣ್ಣ

ಕತ್ತರಿಯಣ್ಣನ ಕ್ಷೌರದಂಗಡಿಯಲ್ಲಿ ಕುರ್ಚಿ ಒಂದು, ಕನ್ನಡಿ ಎರಡು. ಒಂದು ಕುರ್ಚಿಯ ಎದುರಿನ ಗೋಡೆಗೆ, ಇನ್ನೊಂದು ಹಿಂದಿನ ಗೋಡೆಗೆ. ನಡುವೆ ಕೂತವನಿಗೆ ತನ್ನ ತಲೆಯ ಹಿಂದೆ ತನ್ನದೇ ತಲೆ, ಅದರ ಹಿಂದೆ ಮತ್ತೊಂದು, ಹೀಗೆ ಕಣ್ಣು ಹೋದಷ್ಟು ದೂರ ತಾನೇ ತಾನು. ಮನೆಯಲ್ಲಿ ಯಾರೂ ಕ್ಯಾರೇ ಅನ್ನದ ಗಂಡಸು ಇಲ್ಲಿ ಅರ್ಧ ಗಂಟೆ ಮೆರವಣಿಗೆಯಾಗಿ ಕೂತು, ಎದೆ ಉಬ್ಬಿಸಿಕೊಂಡು ಎದ್ದು ಹೋಗುತ್ತಿದ್ದ.

ಅಣ್ಣ ರಸ್ತೆಯ ತುದಿಯಲ್ಲಿರುವ ಕ್ರೈಸ್ತ ಪ್ರಾರ್ಥನಾ ಮಂದಿರದ ಸಭೆಯವನು. ಭಾನುವಾರ ಅಂಗಡಿಗೆ ಬೀಗ. ಉಳಿದ ದಿನ ಬೆಳಗ್ಗೆ ಮೊದಲ ಗಿರಾಕಿಗೆ ಸೋಪು ಹಚ್ಚಿದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥನೆ. ಕತ್ತಿ ಹಿಡಿದವನು ಕಣ್ಣು ಮುಚ್ಚಿದ್ದನ್ನು ಮೊದಲ ಸಲ ಕಂಡ ಕೆಲವರು ನೊರೆ ಸಮೇತ ಎದ್ದು ಓಡಿದ್ದುಂಟು. ಓಡದೆ ಉಳಿದವರು ಬಾಯೊಳಗೇ ತಾವೂ ಪ್ರಾರ್ಥಿಸುತ್ತಿದ್ದರು. ಒಟ್ಟಿನಲ್ಲಿ ಅಂಗಡಿಯಲ್ಲಿ ಭಕ್ತಿಗೆ ಕೊರತೆ ಇರಲಿಲ್ಲ.

ಒಂದು ಭಾನುವಾರ ಸಭೆಯಲ್ಲಿ ಪ್ರಸಂಗ, ಅಂದರೆ ಉಪದೇಶ, ಮಾಡಿದವರು ಒಂದು ಪ್ರಶ್ನೆ ಬಿಟ್ಟು ಹೋದರು: ಲೋಕ ನಿನ್ನೊಳಗೆ ಯಾವ ಬಾಗಿಲಿನಿಂದ ಬರುತ್ತದೆ, ಹುಡುಕು, ಮುಚ್ಚು. ಆ ವಾರ ಸಭೆಯವರೆಲ್ಲ ಬಾಗಿಲು ಹುಡುಕುವುದರಲ್ಲೇ ಇದ್ದರು. ಒಬ್ಬರು ಟೀವಿಯನ್ನು ಭಾವನ ಮನೆಗೆ ಸಾಗಿಸಿ, ಸಂಜೆ ಹೊತ್ತು ಭಾವನ ಯೋಗಕ್ಷೇಮ ವಿಚಾರಿಸಲು ತಪ್ಪದೆ ಹೋಗತೊಡಗಿದರು. ಕತ್ತರಿಯಣ್ಣ ಮಾತ್ರ ಅಷ್ಟಕ್ಕೆ ಬಿಡುವವನಲ್ಲ. ಮೊದಲು ಅಂಗಡಿಯ ರೇಡಿಯೋ ಹೋಯಿತು. ಆಮೇಲೆ ಸಿನಿಮಾ ನಟರ ತಲೆಗಳಿದ್ದ ಪಟ ಹೋಯಿತು. ಅದು ಹೋದ ಮೇಲೂ ಗಿರಾಕಿಗಳು ಕುರ್ಚಿಯಲ್ಲಿ ಕೂತು ಒಂದೇ ಕಡೆ ನೋಡುತ್ತಿದ್ದರು. ಎಲ್ಲಿ ನೋಡುತ್ತಾರೆ ಅಂತ ಅಣ್ಣ ತಿರುಗಿ ನೋಡಿದ. ಬಾಗಿಲು ಸಿಕ್ಕಿತು.

"ಅರ್ಧ ಗಂಟೆ ಮನುಷ್ಯ ತನ್ನ ಮುಖಾನೇ ಪೂಜೆ ಮಾಡ್ತಾನೆ. ಅದಕ್ಕೆ ಗದ್ದುಗೆ ಹಾಕಿಕೊಟ್ಟಿರೋನು ನಾನು," ಅಂದ ಹೆಂಡತಿಗೆ.

ಅತ್ತಿಗೆ, ಅಂದರೆ ನಮ್ಮಂಥ ಖಾಯಂ ಗಿರಾಕಿಗಳಿಗೆ ಅತ್ತಿಗೆ, ಅಂಗಡಿಯ ಹಿಂದಿನ ಮನೆಯಲ್ಲಿ ಟವೆಲ್ ಒಗೆದು ಒಣಹಾಕುವವರು. ಮಾತನ್ನೂ ಹಾಗೇ ಹಿಂಡಿ ಕೊಡವಿ ಆಡುತ್ತಾರೆ.

"ಕನ್ನಡಿ ತೆಗೆದ್ರೆ ಗಿರಾಕಿಗಳ ಗರ್ವ ಹೋಗತ್ತೋ ಇಲ್ವೋ, ಗಿರಾಕಿಗಳಂತೂ ಹೋಗ್ತಾರೆ ರೀ."

"ಹೋಗೋರು ಹೋಗ್ಲಿ."

"ಸರಿ. ಹಾಗಾದ್ರೆ ಒಂದು ತುದಿ ನಾನು ಹಿಡಿತೀನಿ. ಒಬ್ಬರೇ ಇಳಿಸೋಕೆ ಹೋಗಿ ಕಾಲ ಮೇಲೆ ಹಾಕ್ಕೋಬೇಡಿ."

ಕನ್ನಡಿ ಎರಡೂ ಹಳೆ ಚಾದರದಲ್ಲಿ ಸುತ್ತಿಸಿಕೊಂಡು ಮಂಚದಡಿ ಸೇರಿದವು. ಗೋಡೆಯ ಮೇಲೆ ಎರಡು ಬೆಳ್ಳನೆಯ ಚೌಕ ಉಳಿದವು. ಕಾನ್ವೆಂಟಿನಲ್ಲಿ ಓದಿದ ನನಗೆ ಬೋಳು ಗೋಡೆ ಹೊಸದಲ್ಲ. ನಮ್ಮ ಸಿಸ್ಟರುಗಳು ಶಾಲೆಯಲ್ಲೆಲ್ಲೂ ಕನ್ನಡಿ ಇಟ್ಟಿರಲಿಲ್ಲ. ಅದರ ಫಲವಾಗಿ ನಾವು ಕಿಟಕಿಯ ಗಾಜು, ಸ್ಟೀಲ್ ಡಬ್ಬಿಯ ಮುಚ್ಚಳ, ಹೆಡ್‌ಮಿಸ್ಟ್ರೆಸ್ಸರ ಕನ್ನಡಕ, ಎಲ್ಲದರಲ್ಲೂ ತಲೆ ಬಾಚಿಕೊಳ್ಳುವುದನ್ನು ಕಲಿತೆವು.

ಗಿರಾಕಿಗಳು ಹೋಗಲಿಲ್ಲ. ಅಣ್ಣನ ಕೈ ಅಷ್ಟು ಹಗುರ. ಆದರೆ ಒಂದು ತೊಂದರೆ ಬಂತು. ಕ್ಷೌರಿಕ ಹಿಂದೆ ನಿಂತು ಕೆಲಸ ಮಾಡುವವನು. ಎರಡು ಕಿವಿಯ ಪಕ್ಕದ ಕೃತ ಸಮ ಇದೆಯೋ ಇಲ್ಲವೋ ಅಂತ ಎದುರಿನ ಕನ್ನಡಿಯಲ್ಲೇ ನೋಡಬೇಕು. ಕನ್ನಡಿಯೇ ಇಲ್ಲ. ಮುಂದೆ ಬಂದು ನೋಡಬಹುದಿತ್ತು. ಆದರೆ ಅಣ್ಣ, "ಪದೇಪದೇ ಮುಖ ನೋಡೋ ಚಟಾನೇ ಬಿಟ್ಟಿದೀನಿ," ಅಂದುಬಿಟ್ಟಿದ್ದ. ಆಗ ನಿವೃತ್ತ ಅಂಚೆಯವರು ಒಬ್ಬರು, ನಮ್ಮೆಲ್ಲರ ಅಂಚೆ ಮಾವ, ಉಪಾಯ ಹೇಳಿದರು. ಕುರ್ಚಿಯನ್ನು ಬಾಗಿಲ ಪಕ್ಕ, ಗಿರಾಕಿಗಳು ಕಾಯುವ ಬೆಂಚಿನ ಕಡೆ ತಿರುಗಿಸಿದರು. ಬೆಂಚಿನ ನಡುವೆ ತಾವೇ ಕೂತರು.

"ನಾನೇ ನಿನ್ನ ಕನ್ನಡಿ ಕಣಪ್ಪಾ. ಯಾವ ಕಡೆ ಜಾಸ್ತಿ ಇದೆಯೋ ಕನ್ನಡಿ ಹಾಗೆ ಆ ಕಡೆ ಕೈ ಎತ್ತುತೀನಿ. ಕೈ ಎದ್ದ ಕಡೆ ನೀನು ಕತ್ತರಿ ಆಡಿಸು."

ಪದ್ಧತಿ ಚೆನ್ನಾಗಿ ಕುದುರಿತು. ಕುರ್ಚಿಯಲ್ಲಿದ್ದವನ ಎಡಗಡೆ ಹೆಚ್ಚಿದ್ದರೆ, ಎದುರು ಕೂತ ಮಾವ ತಮ್ಮ ಬಲಗೈ ಎತ್ತುವರು. ಅಣ್ಣ ಎಡ ಬಲ ಯೋಚಿಸುವಂತಿಲ್ಲ, ಕೈ ಎದ್ದ ದಿಕ್ಕಿಗೆ ಕತ್ತರಿ. ಆದರೆ ಕನ್ನಡಿಗೂ ಮಾವನಿಗೂ ಒಂದು ವ್ಯತ್ಯಾಸ. ಕನ್ನಡಿ ಬಾಯಿ ಬಿಡುವುದಿಲ್ಲ. ಬೆಂಚಿನ ನಾವೆಲ್ಲ ಸೇರಿ, ಕುರ್ಚಿಯಲ್ಲಿದ್ದವನ ಕಿವಿ, ಮೂಗು, ಬೋಳು, ಬೀಗರು, ಎಲ್ಲವನ್ನೂ ವಿಚಾರಿಸಿಕೊಂಡೇ ಕಳಿಸುತ್ತಿದ್ದೆವು. ಗರ್ವ ಎಲ್ಲಿ ಉಳಿಯಬೇಕು.

ಅಣ್ಣನ ಕೀರ್ತಿ ಹಬ್ಬಿತು. ಹಬ್ಬುತ್ತಾ ಬೆಳೆಯಿತು. ಅಣ್ಣ ಕನ್ನಡಿ ಇಳಿಸಿದ ಅಂತ ಪಕ್ಕದ ರಸ್ತೆಯಲ್ಲಿ ಹೇಳಿದರು. ಬೀಸಾಡಿದ ಅಂತ ಮುಂದಿನ ಬಡಾವಣೆಯಲ್ಲಿ ಹೇಳಿದರು. ಊರಾಚೆಗೆ ಮುಟ್ಟುವ ಹೊತ್ತಿಗೆ, ಸುತ್ತಿಗೆ ತಗೊಂಡು ಚೂರು ಚೂರು ಮಾಡಿದ ಮಹಾನುಭಾವ ಆಗಿದ್ದ. ನೋಡಲು ಬಂದವರು, "ಒಡೆದೇಬಿಟ್ರಂತೆ ಬ್ರದರ್?" ಎಂದರೆ ಅಣ್ಣ ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ತಲೆ ತಗ್ಗಿಸಿ, ಬಹಳ ವಿನಯದಿಂದ ಬಾಚಣಿಗೆ ಒರೆಸುತ್ತಿದ್ದ.

ಇದೇ ವೇಳೆಗೆ ಸಭೆಯನ್ನು ನಡೆಸುವ ಮೂವರು ಹಿರಿಯರಲ್ಲಿ ಒಬ್ಬರು ಮಗಳ ಮನೆಗೆ ಹೋಗಿ ನೆಲೆಸಿದ್ದರಿಂದ ಒಂದು ಜಾಗ ಖಾಲಿಯಾಯಿತು. ಇಪ್ಪತ್ತೆರಡು ವರ್ಷ ಮಂದಿರದಲ್ಲಿ ಚಾಪೆ ಹಾಸಿದವನು ಕತ್ತರಿಯಣ್ಣ. ಒಮ್ಮೆ ಮುಂದಿನ ಸಾಲಿನಲ್ಲಿ, ಸಭೆಗೆ ಎದುರಾಗಿ ಕೂರಬೇಕೆಂಬ ಆಸೆ ಅವನೊಳಗೆ ಎಷ್ಟಿತ್ತೆಂದರೆ ಅದರ ಸುದ್ದಿಯನ್ನೇ ಅವನು ಎತ್ತುತ್ತಿರಲಿಲ್ಲ.

"ಹೊಸ ಬಿಳಿ ಅಂಗಿ ಹೊಲಿಸಿದೀರಲ್ಲ, ಯಾರ ಮದುವೆ ರೀ?" ಅಂದರು ಅತ್ತಿಗೆ.

"ಹಳೇದು ಸವೆದಿತ್ತು."

"ಹೌದೌದು. ಬೆಳಗ್ಗೆಯಿಂದ ಬರೀ ಖಾಲಿ ಗೋಡೆ ನೋಡ್ಕೊಂಡು ತಲೆ ಬಾಚ್ಕೋತಿದೀರ. ಅದರಲ್ಲಿ ಇಷ್ಟು ಚೆನ್ನಾಗಿ ಕಾಣ್ತೀರ ಅಂತ ನನಗೆ ಗೊತ್ತಿರಲಿಲ್ಲ."

ಹಿರಿಯರನ್ನು ನೇಮಿಸಲು ಹೊರಗಿನಿಂದ ದೊಡ್ಡಯ್ಯ ಬರುವವರಿದ್ದರು. ಹತ್ತಾರು ಸಭೆಗಳನ್ನು ನೋಡಿಕೊಳ್ಳುವವರು, ಸರಳರು, ಒಂದೇ ಚೀಲದಲ್ಲಿ ಬದುಕು ಸಾಗಿಸುವವರು. ಲೋಕವನ್ನೂ ಬಿಟ್ಟಿದ್ದರು, ಮೀಸೆಯನ್ನೂ ಬಿಟ್ಟಿದ್ದರು. ನಲವತ್ತು ವರ್ಷದ ಮೀಸೆ, ಎರಡು ತುದಿಯೂ ದೂರದಿಂದಲೇ ಕಾಣುವಂಥದ್ದು. ಶನಿವಾರ ಐದಕ್ಕೆ ಕೂಟ, ಅದಕ್ಕೆ ಮುಂಚೆ ನಾಲ್ಕಕ್ಕೆ ಕನ್ನಡಿ ಒಡೆದ ಸಹೋದರನ ಅಂಗಡಿಯಲ್ಲೇ ಕ್ಷೌರ ಮಾಡಿಸಿಕೊಳ್ಳುತ್ತೇನೆ ಅಂತ ಹೇಳಿ ಕಳಿಸಿದ್ದರು. ಪ್ರಸಂಗಕ್ಕೆ ಅದೇ ವಿಷಯವಂತೆ. ಪ್ರಸಂಗದ ಕೊನೆಗೆ ಅಣ್ಣನ ತಲೆಯ ಮೇಲೆ ಕೈ ಇಟ್ಟು ಹಿರಿಯನಾಗಿ ನೇಮಿಸುವುದಂತೆ. ಇದನ್ನೆಲ್ಲ ತಂದು ಹೇಳಿದ್ದು ಮಂದಿರದ ಬೀಗ ಕಾಯುವ ಬೀಗದಣ್ಣ.

ಶನಿವಾರ ಮಧ್ಯಾಹ್ನ ಕತ್ತರಿಯಣ್ಣ ನಮ್ಮ ಮುಂದೆ ಬಂದು ನಿಂತ.

"ಮಾವ, ತಪ್ಪು ತಿಳ್ಕೋಬೇಡಿ. ಇವತ್ತೊಂದು ದಿನ ಬೆಂಚು ಬಿಟ್ಟುಕೊಡಿ."

"ಯಾಕಪ್ಪಾ, ನಮಗೆ ಹೇನು ಇದೆಯಾ?"

"ಹಾಗಲ್ಲ. ನಿಮ್ಮ ಮಾತು ಸ್ವಲ್ಪ ಲೌಕಿಕ."

"ಮಾತೇನು, ನಾವು ಇಡಿಯಾಗಿ ಲೌಕಿಕ. ನಡೀರಪ್ಪ," ಅಂತ ಮಾವ ಎದ್ದರು. ಎದುರಿನ ಸೈಕಲ್ ರಿಪೇರಿ ಅಂಗಡಿಯ ಕಟ್ಟೆ ಮೇಲೆ ನಾವೆಲ್ಲ ಸಾಲಾಗಿ ಕೂತೆವು. ನಮ್ಮ ಬೆಂಚಿನ ಮೇಲೆ ಸಭೆಯ ನಾಲ್ವರು ಬಂದು ಕೂತರು, ನಡುವೆ ಬೀಗದಣ್ಣ. ಯಾವ ಕಡೆ ಹೆಚ್ಚಿದೆಯೋ ಆ ಕೈ ಎತ್ತಬೇಕು ಅಂತ ಅಣ್ಣ ಹೇಳಿಕೊಟ್ಟಿದ್ದ. ಅಷ್ಟು ಸಾಕೆಂದುಕೊಂಡಿದ್ದ.

ದೊಡ್ಡಯ್ಯ ಬಂದರು, ಖಾಲಿ ಗೋಡೆ ನೋಡಿ ಕಣ್ಣು ತುಂಬಿಕೊಂಡರು, ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದರು. ತಲೆಗೂದಲು ಸರಿಯಾಗೇ ಮುಗಿಯಿತು. ಮೀಸೆಗೆ ಬಂದಾಗ ಬಲಗಡೆ ಒಂದು ಕೂದಲೆಳೆಯಷ್ಟು ಹೆಚ್ಚು ಕಂಡಿತು ಬೀಗದಣ್ಣನಿಗೆ. ಅವನು ಬಹಳ ನಿಯತ್ತಿನ ಮನುಷ್ಯ. ದೊಡ್ಡಯ್ಯನವರ ಬಲಗಡೆಗೆ ತನ್ನ ಬಲಗೈಯನ್ನೇ ಎತ್ತಿದ. ಎದುರು ಕೂತವನ ಬಲಗೈ ಏಳುವುದು ಈಚೆಯವನ ಎಡಕ್ಕೆ. ಕೈ ಎದ್ದ ದಿಕ್ಕಿಗೆ ಅಣ್ಣನ ಕತ್ತರಿ ಹೋಯಿತು. ಎಡಗಡೆ ಇನ್ನೂ ಚಿಕ್ಕದಾಯಿತು. ಬಲಗಡೆ ಇನ್ನೂ ಹೆಚ್ಚಾಗಿ ಕಂಡಿತು. ಬೀಗದಣ್ಣ ಕೈಯನ್ನು ಇನ್ನೂ ಮೇಲಕ್ಕೆ ಎತ್ತಿದ. ಅಣ್ಣ ಇನ್ನೂ ಎಡಕ್ಕೆ ಕತ್ತರಿಸಿದ. ಇವನ ಕೈ ಸಾಲದೇನೋ ಎಂದು ಉಳಿದ ಮೂವರೂ ಬಲಗೈ ಎತ್ತಿದರು. ನಾಲ್ಕು ಕೈ ಆಕಾಶದತ್ತ, ದೊಡ್ಡಯ್ಯ ಕಣ್ಮುಚ್ಚಿ ನಡುವೆ. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬಾಕೆ ಒಳಗೆ ಆರಾಧನೆ ನಡೆದಿದೆ ಎಂದು ಸೆರಗು ತಲೆ ಮೇಲೆ ಎಳೆದುಕೊಂಡು ನಿಂತಳು.

ಇತ್ತ ಕಟ್ಟೆ ಮೇಲೆ ಅಂಚೆ ಮಾವ ಎರಡು ಕೈಯನ್ನೂ ಬೀಸುತ್ತಿದ್ದರು. "ಆ ಕಡೆ ಅಲ್ಲವೋ, ಈ ಕಡೆ!" ಲಾರಿಯೊಂದು ಅಡ್ಡ ಬಂತು. ಅಣ್ಣ ಒಮ್ಮೆ ತಲೆ ಎತ್ತಿ ನೋಡಿ, ಈ ಲೌಕಿಕರು ಇವತ್ತೂ ಸುಮ್ಮನಿರುವುದಿಲ್ಲವಲ್ಲ ಅಂತ ಮುಖ ತಿರುಗಿಸಿಕೊಂಡ. ಅವನ ತಲೆಯಲ್ಲಿ, ಹಿರಿಯನಾಗೆಂದು ಕರೆದಾಗ ಎರಡು ಸಲ ಬೇಡ ಅನ್ನುವುದೋ ಮೂರು ಸಲವೋ ಎಂಬ ಲೆಕ್ಕ ನಡೆದಿತ್ತಂತೆ. ಇದನ್ನು ಆಮೇಲೆ ಅವನೇ ಹೇಳಿದ್ದು.

ಪೌಡರ್ ಹಾಕಲು ಮುಂದಕ್ಕೆ ಬಂದವನು ನಿಂತೇಬಿಟ್ಟ. ಬಲಗಡೆ ನಲವತ್ತು ವರ್ಷ ಹಾಗೇ ಇತ್ತು. ಎಡಗಡೆ ನಿನ್ನೆ ಹುಟ್ಟಿದ ಕೂಸಿನ ಹಾಗೆ.

ದೊಡ್ಡಯ್ಯ ಕಣ್ಣು ತೆರೆದರು. "ಏನು ತಮ್ಮಾ, ಮುಗೀತಾ?"

ಅಣ್ಣ ಪೌಡರ್ ಡಬ್ಬಿ ಕೆಳಗಿಟ್ಟ. ತನ್ನ ಕೈಯ ಕೆಲಸ ಅರ್ಥವಾದ ಬೀಗದಣ್ಣ ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟು, ಅಣ್ಣನನ್ನು ಉಳಿಸಲು ಬಾಯಿ ಹಾಕಿದ. "ಅಯ್ಯಾ, ಮೀಸೇನೂ ಒಂದು ಅಲಂಕಾರವೇ ಅಲ್ವಾ. ನಮ್ಮ ಬ್ರದರ್ ಕನ್ನಡಿ ಬಿಟ್ಟ ಹಾಗೆ ಇದನ್ನೂ ಬಿಡೋಕೆ ನಿಮಗೆ ಒಂದು ಪ್ರೇರಣೆ ಆಗಲಿ ಅಂತ..."

ಉಳಿದ ಮೂವರು "ಆಮೆನ್" ಅಂದರು.

ಅಣ್ಣ ಹೂಂ ಅಂದಿದ್ದರೆ ಸಾಕಿತ್ತು. ಮೊದಲಿನ ಹಾಗೆ ಸುಮ್ಮನೆ ಬಾಚಣಿಗೆ ಒರೆಸಿದ್ದರೂ ಸಾಕಿತ್ತು. ಮಿಕ್ಕ ಅರ್ಧವನ್ನು ಬೋಳಿಸಿ, ಕನ್ನಡಿ ಒಡೆದು ದೊಡ್ಡಯ್ಯನವರ ಮೀಸೆಯನ್ನೂ ಲೋಕದಿಂದ ಬಿಡಿಸಿದವನೆಂದು ಐದು ಗಂಟೆಗೆ ಮುಂದಿನ ಸಾಲಿನಲ್ಲಿ ಕೂರಬಹುದಿತ್ತು. ಇಲ್ಲವೆನ್ನಲು ಅಂಗಡಿಯಲ್ಲಿ ಕನ್ನಡಿ ಕೂಡ ಇರಲಿಲ್ಲ. ಬಾಚಣಿಗೆಯತ್ತ ಕೈ ಹೋಯಿತಂತೆ. ಅಲ್ಲೇ ನಿಂತಿತು.

"ಏ ಇವಳೇ," ಅಂತ ಒಳಗೆ ಕೂಗಿದ. "ಮಂಚದ ಕೆಳಗಿಂದ ಎಳಿ. ಇನ್ನೊಂದು ತುದಿ ಹಿಡಿಯೋಕೆ ಬರ್ತೀನಿ."

ಗಂಡ ಹೆಂಡತಿ ಚಾದರ ಬಿಚ್ಚಿ ಆಳೆತ್ತರದ ಕನ್ನಡಿಯನ್ನು ಅಡ್ಡಡ್ಡ ಹೊತ್ತು ತಂದರು. ಬೆಂಚಿನ ಮುಂದೆ ಹಾದುಹೋಗುವಾಗ ನಾಲ್ವರು ಸಹೋದರರೂ ಒಬ್ಬೊಬ್ಬರಾಗಿ ಅದರಲ್ಲಿ ಕಾಲರ್ ಸರಿ ಮಾಡಿಕೊಂಡರು. ಬೀಗದಣ್ಣ ಹಲ್ಲು ಕೂಡ ನೋಡಿಕೊಂಡ. ಕನ್ನಡಿ ದೊಡ್ಡಯ್ಯನವರ ಎದುರು ನಿಂತಿತು.

ದೊಡ್ಡಯ್ಯ ಮೊದಲು ಎಡಗಡೆ ನೋಡಿಕೊಂಡರು, ಆಮೇಲೆ ಬಲಗಡೆ.

"ಇದನ್ನ ಒಡೆದು ಹಾಕಿದೆ ಅಂದ್ರಲ್ಲಾ," ಎಂದರು ದೊಡ್ಡಯ್ಯ. ಮೊದಲು ಕೇಳಿದ್ದು ಮೀಸೆಯ ಬಗ್ಗೆ ಅಲ್ಲ ಎಂಬುದನ್ನು ಗಮನಿಸಬೇಕು. ಮನುಷ್ಯ ದೊಡ್ಡವರೇ.

"ಒಡೆದಿಲ್ಲ ಅಯ್ಯಾ. ಅವರು ಅಂದ್ರು, ನಾನು ಅಲ್ಲ ಅನ್ನಲಿಲ್ಲ. ಚೆನ್ನಾಗಿತ್ತು ಕೇಳೋಕೆ. ಮೀಸೆ ವಿಷಯದಲ್ಲೂ ಪ್ರೇರಣೆ ಗೀರಣೆ ಏನಿಲ್ಲ, ನನ್ನ ತಪ್ಪು. ಸರಿಯಾಗಿ ನೋಡಿ ಹೇಳೋರು ಇದ್ರು, ಅವರು ನಿಮ್ಮ ಮುಂದೆ ಕೂರೋಕೆ ಲಾಯಕ್ಕಿಲ್ಲ ಅಂತ ನಾನೇ ಹೊರಗೆ ಕಳಿಸಿದೆ."

"ಯಾರವರು?"

ಅಣ್ಣ ರಸ್ತೆಯಾಚೆ ಕೈ ತೋರಿಸಿದ. ಮಾವ ಇನ್ನೂ ಕೈ ಬೀಸುತ್ತಲೇ ಇದ್ದರು.

ದೊಡ್ಡಯ್ಯ ಉಳಿದ ಅರ್ಧವನ್ನು ಒಮ್ಮೆ ಸವರಿದರು, ಬೀಳ್ಕೊಡುವ ಹಾಗೆ. "ಇದನ್ನೂ ತೆಗಿ. ಈ ಸಲ ಎಲ್ಲಿ ನಿಂತು ತೆಗಿತೀಯ?"

"ಮುಂದೆ ನಿಂತು, ಅಯ್ಯಾ."

ಐದು ಗಂಟೆಗೆ ಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ ಹಂಚುವ ಅಜ್ಜಿ ದೊಡ್ಡಯ್ಯನವರ ಗುರುತು ಹಿಡಿಯದೆ, "ಹೊಸಬರಾ? ಹಿಂದೆ ಜಾಗ ಇದೆ, ಕೂತ್ಕೋ ಮಗಾ," ಎಂದರು. ಒಂದು ಹಾಡು ಮುಗಿಯುವವರೆಗೂ ಅವರು ಹಿಂದೆಯೇ ಕೂತಿದ್ದರು. ಪ್ರಸಂಗ ಇಪ್ಪತ್ತೇ ನಿಮಿಷಕ್ಕೆ ಮುಗಿಯಿತು, ಕನ್ನಡಿ ಒಡೆದ ಸಾಕ್ಷಿ ನಡುವಿನಿಂದ ಉದುರಿಹೋಗಿತ್ತಲ್ಲ. ಹಿರಿಯನ ಜಾಗದ ಮಾತು ಏಳಲಿಲ್ಲ. ಕತ್ತರಿಯಣ್ಣ ಹೊಸ ಬಿಳಿ ಅಂಗಿಯಲ್ಲೇ ಚಾಪೆ ಸುತ್ತಿಟ್ಟು ಬಂದ.

"ಬೇಜಾರಾಯ್ತಾ?" ಅಂತ ಅತ್ತಿಗೆ ಕೇಳಿದರಂತೆ.

"ಆಯ್ತು."

"ಬಹಳಾನಾ?"

"ಬಹಳ."

ಅತ್ತಿಗೆ ಅಂದು ಇನ್ನೇನೂ ಚುಚ್ಚಲಿಲ್ಲ. ನಾವು ಅವರ ಬಗ್ಗೆ ಕೇಳಿದ ಅತಿ ದೊಡ್ಡ ಕರುಣೆಯ ಸುದ್ದಿ ಅದೇ.

ಸೋಮವಾರ ಕನ್ನಡಿ ಎರಡೂ ಗೋಡೆಗೇರಿದವು. ರೇಡಿಯೋ ಬರಲಿಲ್ಲ. "ಅದು ನಿಜವಾಗಲೂ ಕಾಟ ಕೊಡ್ತಿತ್ತು. ಕನ್ನಡಿ ಇಲ್ಲದ್ದು ಅದಕ್ಕಿಂತ ಜಾಸ್ತಿ ಕೊಡ್ತು," ಅಂದ ಅಣ್ಣ. ಬೆಳಗಿನ ಪ್ರಾರ್ಥನೆಯನ್ನು ಮೊದಲ ಗಿರಾಕಿ ಬರುವ ಮುಂಚೆ, ಬಾಗಿಲು ಅರ್ಧ ಹಾಕಿಕೊಂಡು, ಯಾರೂ ನೋಡದ ಹಾಗೆ ಮಾಡತೊಡಗಿದ. ಬೆಂಚಿಗೆ ನಾವು ಮರಳಿದೆವು. ಮಾವನಿಗೆ ಈಗ ಕೆಲಸವಿಲ್ಲ, ಆದರೂ ಅಭ್ಯಾಸಬಲದಿಂದ ಆಗಾಗ ಕೈ ಏಳುತ್ತದೆ.

ಎರಡು ತಿಂಗಳಾದ ಮೇಲೆ ಬೀಗದಣ್ಣ ಕೂದಲು ಕತ್ತರಿಸಿಕೊಳ್ಳಲು ಬಂದ. ಕುರ್ಚಿಯಲ್ಲಿ ಕೂತು, ದನಿ ಇಳಿಸಿದ. ನಾವು ಕಿವಿ ಏರಿಸಿದೆವು.

"ಜಾಗ ಇನ್ನೂ ಖಾಲಿ ಇದೆ ತಮ್ಮಾ. ದೊಡ್ಡಯ್ಯನವರಿಗೂ ನಿನ್ನ ಮೇಲೆ ಮನಸ್ಸಿದೆ. ಆವತ್ತು ನಿಜ ಹೇಳಿದ್ದಕ್ಕೇ ಅಂತೆ. ಮುಂದಿನ ವಾರ ಬರ್ತಾರೆ. ನೀನು ಒಂದು ಮಾತು ಹೂಂ ಅನ್ನು."

ಕತ್ತರಿ ನಿಂತಿತು. ಒಳಗೆ ಬಟ್ಟೆ ಒಗೆಯುವ ಸದ್ದೂ ನಿಂತಿತು. ಅಣ್ಣನ ಕಿವಿ ಕೆಂಪಾದದ್ದು ಎರಡೂ ಕನ್ನಡಿಯಲ್ಲಿ, ಅವುಗಳೊಳಗಿನ ನೂರು ಅಣ್ಣಂದಿರಲ್ಲಿ ಕಂಡಿತು.

"ಬೇಡಣ್ಣ," ಅಂದ. "ಆಸೆ ಇನ್ನೂ ಇದೆ. ಅದು ಹೋದ್ಮೇಲೆ ಕೇಳು."

"ಆಸೆ ಹೋದೋರನ್ನೇ ಹುಡುಕ್ತಾ ಕೂತ್ರೆ ಸಭೆಗೆ ಹಿರಿಯರೇ ಇರಲ್ಲ ಕಣಯ್ಯಾ," ಎಂದ ಬೀಗದಣ್ಣ.

"ಅದು ನಿಮ್ಮ ಕಷ್ಟ. ತಲೆ ಸ್ವಲ್ಪ ತಗ್ಗಿಸು, ಕತ್ತಿನ ಹಿಂದೆ ಇನ್ನೂ ಇದೆ."

ಬೀಗದಣ್ಣ ತಲೆ ತಗ್ಗಿಸಿದ.